ಕರಡಿಗೆ ಹಾಕಿದ ಏಣಿ

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಚಹಾಕ್ಕೆ ನೀರಿಟ್ಟ ಮೇಲೆ ನಾನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ಖಾಕಿ ಪ್ಯಾಂಟಿಗೆ ಅಂಟಿಕೊಂಡ ಉತ್ತರಾಣಿ ಕಾಳುಗಳನ್ನೂ ಹುಲ್ಲಿನ ಮುಳ್ಳುಗಳನ್ನೂ ಒಂದೊಂದಾಗಿ ಬಿಡಿಸುವುದು. ಕೂಡ್ಲಿಗಿಯ ಆ ಬಾಡಿಗೆ ಮನೆಯ ಒಡತಿ ಮೊರ ಹಿಡಿದು ಎದುರಿಗೆ ಕುಳಿತು ಅಕ್ಕಿ ಆರಿಸುತ್ತ, ‘ಏನವ್ವಾ, ಇವತ್ತು ಅರ್ಧ ಅಡವಿ ಮನಿಗೇ ತಂದೀಯಲ್ಲ’ ಎಂದು ನಗುತ್ತಿದ್ದರು. ಅವರು ಕಲ್ಲು ಆರಿಸುತ್ತಿದ್ದರು, ನಾನು ಮುಳ್ಳು. ಇಬ್ಬರದೂ ಒಂದೇ ಬಗೆಯ ಸಂಜೆ.

ಅರಣ್ಯ ರಕ್ಷಕಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಮುಗಿಲು ಮುಟ್ಟುವ ಮರಗಳೂ ಅವುಗಳ ನಡುವೆ ಜುಳುಜುಳು ಹರಿಯುವ ಹೊಳೆಯೂ ಬಂದು ನಿಂತಿದ್ದರೆ, ದಯವಿಟ್ಟು ಅವನ್ನು ಹಾಗೇ ಹಿಂದಕ್ಕೆ ಕಳುಹಿಸಿಬಿಡಿ. ನಮ್ಮ ಕಾಡು ಅಂಥದ್ದಲ್ಲ. ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ಅವುಗಳ ಸಂದಿಯಲ್ಲಿ ಕವಳೆ, ಬಾರೆ, ಜಾಲಿಯ ಮುಳ್ಳುಗಿಡಗಳು. ಬಂಡೆಯ ಪೊಟರೆಗಳಲ್ಲಿ ಕರಡಿ, ಚಿರತೆ. ಗುಡ್ಡ ಇಳಿದರೆ ಸೇಂಗಾ ಹೊಲ, ಹೊಲ ದಾಟಿದರೆ ಊರು. ಇಂಥ ಕಡೆ ಒಂದು ದಿನ ಹುಲ್ಲಿಗೆ ಬಿದ್ದ ಬೆಂಕಿಯನ್ನು ಹಸಿ ಸೊಪ್ಪಿನಿಂದ ಬಡಿದು ಆರಿಸುವುದು, ಇನ್ನೊಂದು ದಿನ ಮೇಕೆ ಕಾಯುವವರೊಡನೆ ಕಡಿದ ಕೊಂಬೆಗಾಗಿ ಜಗಳ, ಮತ್ತೊಂದು ದಿನ ನವಿಲುಗಳು ಬೀಜ ಹೆಕ್ಕಿದವೆಂದು ದೂರು ತಂದವರಿಗೆ ಸಮಾಧಾನ. ಕಾಯುವುದು ಎಂಬ ನಮ್ಮ ಮಾತಿಗೆ ಎಷ್ಟು ಅರ್ಥಗಳು ನೋಡಿ: ಬಂಡೆ ಬಿಸಿಲಿಗೆ ಕಾಯುತ್ತದೆ, ನೆಂಟರ ದಾರಿಯನ್ನು ಮನೆಯವರು ಕಾಯುತ್ತಾರೆ, ಬೆಳೆಯನ್ನು ರೈತ ಕಾಯುತ್ತಾನೆ. ಈ ಮೂರನ್ನೂ ಒಂದೇ ಸಂಬಳಕ್ಕೆ ಮಾಡುವವಳು ನಾನು.

ಹರಪನಹಳ್ಳಿ ಸೀಮೆಯ ಕೂಲಿ ಮನೆತನದಿಂದ ಬಂದ ನನಗೆ ಇದು ಮೊದಲ ನೌಕರಿ. ಸುತ್ತಲ ಹಳ್ಳಿಯವರು ನನ್ನನ್ನು ‘ಗಾರ್ಡಮ್ಮ’ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುತೂಹಲ ಎಷ್ಟು ಎಂದು ಅಳೆಯಲು ನಾನು ಹೋಗಲಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ವಾಚರ್ ಮಾರೆಪ್ಪ ಸೈಕಲ್ ತುಳಿಯುತ್ತ ಏದುಸಿರು ಬಿಡುತ್ತ ಬಂದ.

‘ಮೇಡಂ, ಕರಡಿ ಬಾವ್ಯಾಗ ಬಿದ್ದೈತ್ರಿ. ಮರಿನೂ ಅದಾವು. ಊರಾಗಿನ ಮಂದಿ ಎಲ್ಲಾ ಕಲ್ಲು ಹಿಡಕೊಂಡು ನಿಂತಾರ. ಲಗೂನ ಬರ್ರಿ.’

ಆ ದಿನ ನಮ್ಮ ಸಾಹೇಬರು ಜೀಪಿನೊಡನೆ ಹಡಗಲಿಯ ಕಡೆ ಹೋಗಿದ್ದರು. ಕಚೇರಿಯ ಫೋನಿನಿಂದ ಸುದ್ದಿ ಮುಟ್ಟಿಸಿದೆ. ಅರಿವಳಿಕೆ ಕೊಡುವ ಡಾಕ್ಟರನ್ನು ಕರೆದುಕೊಂಡು ಬರುತ್ತೇವೆ, ಆದರೆ ಸಂಜೆಯಾದೀತು, ಅಲ್ಲಿಯವರೆಗೆ ಹೇಗಾದರೂ ಸಂಭಾಳಿಸು ಎಂದರು. ‘ಹೇಗಾದರೂ’ ಎಂಬುದು ಎಷ್ಟು ಅಗಲವಾದ ಶಬ್ದ! ಅದರೊಳಗೆ ನಾನು, ಮಾರೆಪ್ಪ ಮತ್ತು ಒಂದು ಲಾಠಿ ಮಾತ್ರ ಇದ್ದೆವು.

ಗುಡ್ಡದ ಬುಡದಲ್ಲಿದ್ದ ಆ ಬಾವಿ ಹಳೆಯದು, ಕಲ್ಲು ಕಟ್ಟಿದ್ದು. ಮೆಟ್ಟಿಲು ಎಂದೋ ಕುಸಿದು ಹೋಗಿದ್ದವು. ನೀರು ಹುಡುಕಿಕೊಂಡು ಇಳಿದು ಬಂದ ತಾಯಿ ಕರಡಿ ಮರಿಗಳ ಸಮೇತ ಜಾರಿ ಬಿದ್ದಿತ್ತು. ಮೊಣಕಾಲುದ್ದದ ಕೆಸರು ನೀರಿನಲ್ಲಿ ನಿಂತು ಅದು ಗೋಡೆಯನ್ನು ಪರಚುತ್ತಿತ್ತು. ಎರಡು ಮರಿಗಳು ಅದರ ಬೆನ್ನಿನ ಕೂದಲನ್ನು ಕಚ್ಚಿ ಹಿಡಿದಿದ್ದವು. ಮೇಲೆ ಬಾವಿಯ ಸುತ್ತ ಜನ. ಎಲ್ಲರಿಗಿಂತ ಮುಂದೆ ಕೊಟ್ರೇಶ, ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು. ಅವನ ಅಣ್ಣ ಹಾಲಪ್ಪನ ಮುಖವನ್ನು ಹಿಂದಿನ ವರ್ಷ ಕರಡಿಯೊಂದು ಸೀಳಿ ಹಾಕಿತ್ತು. ಹಾಲಪ್ಪ ಬದುಕಿಕೊಂಡಿದ್ದ, ಆದರೆ ಒಂದು ಕಣ್ಣು ಹೋಗಿತ್ತು.

‘ಕೊಟ್ರೇಶ, ಕಲ್ಲು ಕೆಳಗಿಡಪ್ಪ’ ಎಂದೆ.

‘ನಿಮ್ಮ ಅಣ್ಣಗ ಹಿಂಗಾಗಿದ್ರ ನೀವು ಇಡ್ತಿದ್ರೇನ್ರಿ ಗಾರ್ಡಮ್ಮ?’

ಕಾನೂನು ಹೇಳಬಹುದಿತ್ತು, ಆದರೆ ನೊಂದವನೆದುರು ಕಾನೂನು ಹೇಳುವುದೆಂದರೆ ಹಸಿದವನೆದುರು ಊಟದ ಹೆಸರು ಹೇಳಿದ ಹಾಗೆ. ಅವನಿಗೂ ಬಾವಿಗೂ ನಡುವೆ ಹೋಗಿ ನಿಂತೆ. ಬೆನ್ನ ಹಿಂದೆ ಕರಡಿಯ ಉಸಿರು ಕೇಳುತ್ತಿತ್ತು, ಎದುರಿಗೆ ಮನುಷ್ಯರದು. ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಈಗಲೂ ಹೇಳಲಾರೆ. ಮಾರೆಪ್ಪನೂ ಬಂದು ಪಕ್ಕದಲ್ಲಿ ನಿಂತ.

ಅಷ್ಟರಲ್ಲಿ ಗುಂಪು ಎರಡಾಗಿ ದಾರಿ ಬಿಟ್ಟಿತು. ಸುದ್ದಿ ತಿಳಿದು ಹಾಲಪ್ಪನೇ ಬಂದಿದ್ದ. ಮೊದಲ ಕಲ್ಲು ಅವನದೇ ಎಂಬಂತೆ ಎಲ್ಲರೂ ಎತ್ತಿದ ಕೈ ಇಳಿಸಿದರು. ಅವನು ನನ್ನನ್ನು ದಾಟಿ ಬಾವಿಯ ಅಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ಉಳಿದ ಒಂದು ಕಣ್ಣಿನಿಂದ ಬಹಳ ಹೊತ್ತು ಕೆಳಗೆ ನೋಡಿದ. ಮರಿಯೊಂದು ಸಣ್ಣಗೆ ಕುಂಯ್‌ಗುಟ್ಟಿತು.

‘ಅವತ್ತೂ ಬೆನ್ನ ಮ್ಯಾಲೆ ಮರಿ ಇದ್ವು’ ಎಂದ ಹಾಲಪ್ಪ. ‘ಕಟ್ಟಿಗಿ ಹೊತಗೊಂಡು ನಾ ಅಡ್ಡ ಹೋದೆ. ಅದಕ್ಕೂ ದಾರಿ ಇರಲಿಲ್ಲ, ನನಗೂ ಇರಲಿಲ್ಲ.’

‘ಅದ ಕರಡಿ ಇದು, ಅಣ್ಣಾ!’ ಕೊಟ್ರೇಶ ಕೂಗಿದ.

‘ಅದ ಇದ್ರೂ ಇರಬಹುದು, ಅಲ್ಲದಿದ್ರೂ ಇರಬಹುದು. ನನ್ನ ಹೆಸರು ಹೇಳಿ ಯಾರೂ ಕಲ್ಲು ಒಗೀಬ್ಯಾಡ್ರಿ. ಲೇ ತಮ್ಮಾ, ನಿನ್ನ ಮದಿವಿ ಚಪ್ಪರಕ್ಕ ತಂದ ಗಳ ಅದಾವಲ್ಲ, ತೊಗೊಂಬಾ ಹೋಗು.’

ಕೊಟ್ರೇಶ ಅಣ್ಣನ ಮುಖ ನೋಡುತ್ತ ನಿಂತ. ಆಮೇಲೆ ಕಲ್ಲನ್ನು ನೆಲಕ್ಕೆ ಹಾಕಿ ಊರ ಕಡೆ ನಡೆದ.

ಮುಂದಿನದೆಲ್ಲ ಮದುವೆ ಮನೆಯ ಗಡಿಬಿಡಿಯ ಹಾಗೆ. ಎರಡು ಉದ್ದನೆಯ ಬಿದಿರ ಗಳಗಳಿಗೆ ಅಡ್ಡ ಕಟ್ಟಿಗೆಗಳನ್ನಿಟ್ಟು, ಎತ್ತು ಕಟ್ಟುವ ಹಗ್ಗದಿಂದ ಬಿಗಿದು, ಕರಡಿಯ ಭಾರ ತಾಳುವಂಥ ಏಣಿ ಮಾಡಿದರು. ಕಲ್ಲು ಹಿಡಿದ ಕೈಗಳೇ ಗಂಟು ಹಾಕುತ್ತಿದ್ದವು. ಏಣಿಯನ್ನು ಮೆಲ್ಲಗೆ ಇಳಿಬಿಟ್ಟು, ಗುಡ್ಡದ ಕಡೆಯ ದಾರಿ ತೆರವಾಗಿಟ್ಟು, ಎಲ್ಲರನ್ನೂ ದೂರದ ಬಂಡೆಗಳ ಹಿಂದಕ್ಕೆ ಕಳುಹಿಸಿದೆ. ‘ಯಾರೂ ಉಸುರು ಬಿಡಂಗಿಲ್ಲ’ ಎಂದು ಕೊಟ್ರೇಶನೇ ಎಲ್ಲರನ್ನೂ ಗದರಿಸಿದ.

ಬಿಸಿಲು ಏರಿತು. ಬಾವಿಯಲ್ಲಿ ಸದ್ದಿಲ್ಲ. ಏಣಿ ಅಲುಗಿದಂತಾಗಿ ಮತ್ತೆ ನಿಂತುಬಿಡುತ್ತಿತ್ತು. ಇನ್ನು ಡಾಕ್ಟರು ಬರುವವರೆಗೆ ಆಗದೇನೋ ಎಂದುಕೊಳ್ಳುವಾಗ ಉದ್ದುದ್ದ ಉಗುರಿನ ಪಂಜವೊಂದು ಬಾವಿಯ ಅಂಚನ್ನು ಹಿಡಿಯಿತು. ಹಿಂದೆಯೇ ಬೂದು ಮೂತಿ, ಕೆಸರು ಮೆತ್ತಿದ ಕರಿಯ ಮೈ. ಬೆನ್ನ ಮೇಲೆ ಮರಿ ಒಂದೇ ಇತ್ತು.

‘ಮೇಡಂ, ಇನ್ನೊಂದು ಒಳಗ ಐತಿ’ ಎಂದು ಕೊಟ್ರೇಶ ಪಿಸುಗುಟ್ಟಿದ.

ತಾಯಿ ಗುಡ್ಡದ ಕಡೆ ನೋಡಿತು. ತೆರೆದ ದಾರಿ, ಎದುರಿಗೇ ಮನೆ. ಆಮೇಲೆ ಬಾವಿಯೊಳಗಿನಿಂದ ಬಂದ ಅಳು ಕೇಳಿ, ಒಂದು ಕ್ಷಣವೂ ತಡೆಯದೆ ಬೆನ್ನು ತಿರುಗಿಸಿ, ತಪ್ಪಿಸಿಕೊಂಡು ಬಂದ ಅದೇ ಹೊಂಡಕ್ಕೆ ಮತ್ತೆ ಇಳಿಯಿತು. ಧೈರ್ಯ ಎಂದರೆ ಹೆದರಿಕೆ ಇಲ್ಲದಿರುವುದು ಎಂದು ಅದುವರೆಗೆ ತಿಳಿದಿದ್ದ ನಾನು, ಹೆದರಿದ ಮೈಯೇ ತಿರುಗಿ ಒಳಗಿಳಿಯುವುದನ್ನು ಕಣ್ಣಾರೆ ಕಂಡೆ.

ಏಣಿ ಮತ್ತೆ ಕಿರುಗುಟ್ಟಿತು. ಈ ಸಲ ಬೆನ್ನ ಮೇಲೆ ಎರಡು.

‘ಹತ್ತಿದ್ಲು! ಹತ್ತಿದ್ಲು!’ ಉಸಿರು ಬಿಡಬಾರದೆಂಬ ಆಜ್ಞೆಯನ್ನು ಎಲ್ಲರಿಗಿಂತ ಮೊದಲು ಮುರಿದವನು ಹಾಲಪ್ಪ. ಕರಡಿ ಬೆಚ್ಚಿ, ಸೇಂಗಾ ಕಿತ್ತ ಹೊಲದಲ್ಲಿ ಧೂಳೆಬ್ಬಿಸುತ್ತ, ಬೆನ್ನಿನ ಮರಿಗಳನ್ನು ಕುಣಿಸುತ್ತ ಓಡಿ, ಬಂಡೆಗಳ ನಡುವೆ ಕರಗಿಹೋಯಿತು. ಆಮೇಲೆ ಎದ್ದ ಕೇಕೆ, ಸೀಟಿಗಳನ್ನು ಕೇಳಬೇಕಿತ್ತು ನೀವು! ಮಾರೆಪ್ಪ ನನ್ನ ಲಾಠಿಯನ್ನು ತಾನೇ ಎತ್ತಿ ಕುಣಿದ. ಹಾಲಪ್ಪ ನಗುತ್ತಿದ್ದ, ಗಾಯದ ಕಡೆಯ ಕೆನ್ನೆ ಅಲುಗದಿದ್ದರೂ ಆ ನಗೆ ಅರ್ಧದ್ದಾಗಿರಲಿಲ್ಲ. ನಾನು ಬಂಡೆಗೆ ಒರಗಿ ಅತ್ತೆ, ಯಾರಿಗೂ ಮರೆಮಾಡದೆ.

ಹೊತ್ತು ಇಳಿಯುವಾಗ ಜೀಪು ಬಂತು. ಸಾಹೇಬರು, ಅವರ ಹಿಂದೆ ಬಂದೂಕು, ಬಲೆ, ಪೆಟ್ಟಿಗೆಗಳೊಡನೆ ಡಾಕ್ಟರು ಅವಸರದಿಂದ ಇಳಿದರು. ಖಾಲಿ ಬಾವಿಯನ್ನೂ ಏಣಿಯನ್ನೂ ನೋಡಿ ಡಾಕ್ಟರು, ‘ಕರಡಿ ಎಲ್ಲಮ್ಮ?’ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಊರಿಗೆ ಊರೇ ಗುಡ್ಡದ ಕಡೆ ಕೈ ತೋರಿಸಿತು.

‘ಮನಿಗೆ ಹೋದ್ಲು ನೋಡ್ರಿ’ ಎಂದ ಕೊಟ್ರೇಶ, ತನ್ನ ಮನೆಯ ಹೆಣ್ಣುಮಗಳೊಬ್ಬಳನ್ನು ಬಸ್ಸು ಹತ್ತಿಸಿ ಬಂದವನ ಹಾಗೆ.