ವಾದ ಮಾಡಿ ಗೆದ್ದ ಪೈಪು

ಹನುಮಂತಪ್ಪ ಮಾಸ್ತರರು ಕೊನೆಗಾಲದಲ್ಲಿ ತಮ್ಮ ಪೈಪನ್ನು ನನ್ನ ಕೈಗಿಟ್ಟು, ‘ಇನ್ನು ಮೇಲೆ ಮಾತು ನಿನ್ನದು’ ಎಂದು ಹೇಳಿ ಕಣ್ಣು ಮುಚ್ಚಿದರೆಂಬ ಕಥೆಯೊಂದು ಮಾನ್ವಿಯ ಅವರ ಹಳೆಯ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಕೇಳಲು ಬಲು ಸೊಗಸಾಗಿದೆ. ಸೊಗಸಾಗಿರುವುದೇ ಅದರ ಮೇಲೆ ನನ್ನ ಮೊದಲ ಆಕ್ಷೇಪ. ಎರಡನೆಯದು, ಅವರು ದೇವದುರ್ಗದ ತಮ್ಮ ಮನೆಯಲ್ಲಿ ತೀರಿಕೊಂಡ ಹೊತ್ತಿಗೆ ನಾನು ರಾಯಚೂರಿನ ಸ್ಟೇಷನ್ ರಸ್ತೆಯ ಬಾಡಿಗೆ ಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದೆ. ಮೂರನೆಯದು, ಸಾಯುವಾಗ ಯಾರೂ ಅಷ್ಟು ಚೊಕ್ಕಟವಾಗಿ ಮಾತಾಡುವುದಿಲ್ಲ. ಮಾಸ್ತರರಂತೂ ಬದುಕಿದ್ದಾಗಲೇ ನಡುವೆ ಎರಡು ಸಲ ಕಡ್ಡಿ ಗೀರದೆ ಒಂದು ವಾಕ್ಯ ಮುಗಿಸಿದವರಲ್ಲ. ಆ ಪೈಪು ನನಗೆ ಆಶೀರ್ವಾದವಾಗಿ ಬರಲಿಲ್ಲ, ಓದುಗ ಮಿತ್ರರೇ. ನಾನಾಗಿಯೇ ಕೇಳಿದೆ, ಕೊಡಲು ಮನಸ್ಸಿಲ್ಲದವರೊಡನೆ ವಾದ ಮಾಡಿದೆ, ಗೆದ್ದೆ, ತಂದೆ.

ನನ್ನ ಮಂಚದ ಕೆಳಗೊಂದು ತಗಡಿನ ಟ್ರಂಕಿದೆ. ಬೇರೆಯವರ ಟ್ರಂಕಿನಲ್ಲಿ ಮದುವೆಯ ಶಲ್ಯವೋ ಜಮೀನಿನ ಕಾಗದವೋ ಇರುವ ಜಾಗದಲ್ಲಿ ನನ್ನದರಲ್ಲಿ ಹಳೆಯ ಧೋತರದ ಚೂರುಗಳಲ್ಲಿ ಸುತ್ತಿಟ್ಟ ಹತ್ತೊಂಬತ್ತು ಪೈಪುಗಳಿವೆ. ನಾನು ಸೇದುವವನಲ್ಲ, ಒಮ್ಮೆ ಸೇದಿ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ, ಆ ಪ್ರಶ್ನೆಯನ್ನು ಶಾಶ್ವತವಾಗಿ ಇತ್ಯರ್ಥ ಮಾಡಿಕೊಂಡಿದ್ದೇನೆ. ಆದರೂ ನಿಜಾಮರ ಕಾಲದ ಅಮಲ್ದಾರರು, ರೈಲಿನ ಗಾರ್ಡುಗಳು, ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಲಸಕ್ಕೆಂದು ಮಾನ್ವಿ ಸೀಮೆಗೆ ಬಂದುಹೋದ ಇಂಜಿನಿಯರುಗಳು ಬಿಟ್ಟುಹೋದ ಪೈಪುಗಳನ್ನು ಹುಡುಕಿ ತರುವುದು ನನಗೆ ಹತ್ತಿದ ಗೀಳು. ಅವನ್ನು ಮಾಡಿದ ಸೀಮೆಯಾಚೆಯ ಕಾರ್ಖಾನೆಗಳಲ್ಲಿ ಕೆಲವು ಬಾಗಿಲು ಹಾಕಿವೆ, ಕೆಲವು ಆ ಆಕಾರಗಳನ್ನೇ ಕೈಬಿಟ್ಟಿವೆ. ಸಂಗ್ರಹಕಾರನ ಕಿವಿಗೆ ‘ಇನ್ನು ಇದು ಬರುವುದಿಲ್ಲ’ ಎಂಬ ಮಾತಿಗಿಂತ ಇಂಪಾದದ್ದು ಬೇರೊಂದಿಲ್ಲ. ಅದೇ ಮಾತು ಸಾವಾದ ಮನೆಯಲ್ಲಿ ಹೇಗೆ ಕೇಳಿಸುತ್ತದೆಂಬುದನ್ನು ನಾನು ತಡವಾಗಿ ಕಲಿತೆ.

ಗುಂಜಹಳ್ಳಿಯ ಕುರಿ ಕಾಯುವವನ ಮೊಮ್ಮಗನಿಗೆ ಸಾಹೇಬರ ಪೈಪಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ನನ್ನ ತಾತ ಸೇದುತ್ತಿದ್ದುದು ಕುಂಬಾರನ ಮಣ್ಣಿನ ಚಿಲುಮೆ. ಒಡೆದರೆ ಚೂರನ್ನು ಹೊಲದ ಬದುವಿಗೆ ಎಸೆದು ಮುಂದಿನ ಸಂತೆಯಲ್ಲಿ ಇನ್ನೊಂದನ್ನು ತರುತ್ತಿದ್ದ. ಆ ಕುಂಬಾರನ ಮಕ್ಕಳು ಈಗ ಚಿಲುಮೆ ಮಾಡುವುದಿಲ್ಲ. ಹಾಗೆ ನೋಡಿದರೆ ಅದೂ ತಯಾರಿಕೆ ನಿಂತುಹೋದ ಸರಕೇ, ಅದಕ್ಕೂ ನನ್ನ ಟ್ರಂಕಿನಲ್ಲಿ ಜಾಗವಿರಬೇಕಿತ್ತು, ಇಲ್ಲ. ನನ್ನ ಹಂಬಲಕ್ಕೆ ತಾತ ಕಾರಣನಲ್ಲ, ಮಾಸ್ತರರು ಕಾರಣ. ಹಂಬಲ ನ್ಯಾಯಸಮ್ಮತವಾಗಿರಬೇಕೆಂದು ಎಲ್ಲಿ ಬರೆದಿದೆ?

ಹನುಮಂತಪ್ಪ ಮಾಸ್ತರರು ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಮಾನ್ವಿಯ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಪಾಠ ಹೇಳುತ್ತಿದ್ದರು. ದೇವದುರ್ಗದ ಕೂಲಿಯವರ ಕೇರಿಯಿಂದ ಮೊದಲು ಮಾಸ್ತರಿಕೆಗೆ ಬಂದವರು ಅವರು. ಮೊದಲ ಪಗಾರ ಎಣಿಸಿಕೊಂಡು ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಹಳೆಯ ಸಾಮಾನಿನ ಗಾಡಿಯೊಂದರಲ್ಲಿ ಆ ಪೈಪು ಕೊಂಡರಂತೆ. ಯಾವುದೋ ಗಿಡದ ಬೇರಿನ ಗಂಟನ್ನು ಕೊರೆದು ಮಾಡಿದ ಕೆಂಗಂದು ಬಟ್ಟಲು, ಕೊಂಚ ಬಾಗಿದ ಕೊಳವೆ, ತುದಿಗೆ ಗಟ್ಟಿ ರಬ್ಬರಿನ ಚಪ್ಪಟೆ ಬಾಯಿ. ಊರಿನವರು ‘ಇವಗ ಪೈಪ್ ಬ್ಯಾರೆ ಕೇಡು’ ಎಂದು ಹಿಂದಿನಿಂದ ಆಡಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು.

“ಬೀಡಿ ಸೇದಿದ್ರ ಇಂವ ಇಂಥಾ ಕೇರಿಯಂವ ಅಂತ ಗೊತ್ತಾಗಿ ಸುಮ್ಮನ ಹೋಗ್ತಾರ,” ಎಂದು ನಮಗೇ ಹೇಳಿದ್ದರು. “ಪೈಪ್ ಸೇದಿದ್ರ ಯಾರಪಾ ಇಂವ ಅಂತ ತಿರುಗಿ ನೋಡ್ತಾರ. ನೋಡ್ಲಿ. ಕುತ್ತಿಗಿ ನೋವು ಅವರಿಗೆ, ನನಗಲ್ಲ.”

ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುವ ಅವರ ಕ್ರಮ ವಿಚಿತ್ರವಾಗಿತ್ತು. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬಂಥ, ಯಾರಿಗೂ ಬೇಡವಾದ ಪ್ರಶ್ನೆಯೊಂದನ್ನು ಎದುರಿಗಿಟ್ಟು, ಪೈಪು ಹೊತ್ತಿಸಿ, ಅದು ತಾನಾಗಿ ಆರುವ ತನಕ ನಾವು ಎದುರಾಳಿಯ ಪರವಾಗಿ ಮಾತಾಡಬೇಕೆಂದು ಹೇಳುತ್ತಿದ್ದರು. ನಮ್ಮ ಪಕ್ಷ ನಾವು ಹಿಡಿಯುವುದು ಬೂದಿ ಕೊಡವಿದ ಮೇಲೆ. ನಾನು ಎದುರಾಳಿಯ ಮಾತನ್ನು ಬೇಕೆಂದೇ ಪೇಲವವಾಗಿ ಹೇಳಿ, ಆಮೇಲೆ ಕೆಡವುವುದು ಸುಲಭವಾಗಲೆಂದು ಹಂಚಿಕೆ ಹಾಕುತ್ತಿದ್ದರೆ ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು.

“ಲೇ, ಹುಲ್ಲಿನ ಗೊಂಬಿ ನಿಂದರಿಸಿ ಗುದ್ದಬ್ಯಾಡ. ಅವನ ಮಾತು ಅವನಕಿಂತ ಚೊಲೊ ಹೇಳು. ಆಮ್ಯಾಲ ಕೆಡವು. ಆಗ ಬಿದ್ರ ಖರೇ ಬಿದ್ದಂಗ.”

ಮಾತಾಡುತ್ತ ಪೈಪನ್ನು ಬಾಯಿಯ ಎಡಬದಿಗೆ ಕಚ್ಚಿ ಹಿಡಿದು, ಎರಡೂ ಕೈಗಳನ್ನು ಮಾತಿಗೆ ಬಿಟ್ಟುಕೊಡುತ್ತಿದ್ದರು. ಆ ಭಂಗಿಯ ಹಿಂದೆ, ಆ ಹೊಗೆಯ ವಾಸನೆಯಲ್ಲಿ, ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ಎರಡು ಮಗ್ಗುಲಿವೆಯೆಂಬ ಧೈರ್ಯವೊಂದು ನಮಗೆ ಸಿಗುತ್ತಿತ್ತು. ಮುಂದೆ ರಾಯಚೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಢಾಲುಗಳನ್ನು ಗೆದ್ದೆ. ದೇವರು, ದೆವ್ವ, ಜಾತಕ, ಕಾಣಿಕೆ ಎಲ್ಲದರ ವಿರುದ್ಧವೂ ಮಾತಾಡಿ ಚಪ್ಪಾಳೆ ಪಡೆದೆ. ಸತ್ತವರ ವಸ್ತುವಿನಲ್ಲಿ ಸತ್ತವರಿರುತ್ತಾರೆಂಬ ನಂಬಿಕೆ ಮೂಢತನವೆಂದು ಒಮ್ಮೆ ಏಳು ನಿಮಿಷ ಸಾಧಿಸಿದ್ದೂ ಉಂಟು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಾಸ್ತರರು ಹೋದರು. ಉತ್ತರಕ್ರಿಯೆಗಳೆಲ್ಲ ಮುಗಿದ ಮರುವಾರ ನಾನು ಗಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದೆ. ಅವರ ಹೆಂಡತಿ ಹುಲಿಗೆಮ್ಮನವರು ಪಡಸಾಲೆಯಲ್ಲಿ ಕೂತಿದ್ದರು. ಪೈಪು ಗೋಡೆಯ ಗೂಡಿನಲ್ಲಿ, ದೀಪದ ಬುಡ್ಡಿಯ ಪಕ್ಕದಲ್ಲಿತ್ತು. ಆಡಬೇಕಾದ ಸಮಾಧಾನದ ಮಾತುಗಳನ್ನೆಲ್ಲ ಆಡಿ ಮುಗಿಸಿ, ಅದು ನನಗೆ ಬೇಕೆಂದೆ.

“ಇರ್ಲಿ ಬಿಡು ಯಪ್ಪಾ,” ಎಂದರು ಅವರು. “ಗೂಡಿನ್ಯಾಗ ಇರ್ತದ. ಅದೇನು ಅನ್ನ ಕೇಳತದನು, ನೀರು ಕೇಳತದನು?”

ನಾನು ಸುಮ್ಮನಿರಬೇಕಿತ್ತು. ಆದರೆ ಚಾಕು ಮಸೆದವನಿಗೆ ಕಂಡದ್ದೆಲ್ಲ ಕುಂಬಳಕಾಯಿ. “ಇಲ್ಲಿ ಹೊಗಿ, ಧೂಳ. ಬ್ಯಾಸಿಗ್ಯಾಗ ಅದು ಒಡದು ಹೋಗ್ತದರಿ ಯವ್ವಾ. ಸಣ್ಣವರು ಆಡಿ ಮುರೀತಾರ. ಇಂಥಾದ್ದು ಈಗ ಎಲ್ಲೂ ತಯಾರಾಗಂಗಿಲ್ಲ, ಇನ್ನ ಬರಂಗಿಲ್ಲ. ನನ್ನ ಹಂತ್ಯಾಕ ಇದ್ರ ನೂರು ವರ್ಷ ಇರ್ತದ. ಮಾಸ್ತರರ ಹೆಸರು ಉಳೀಬೇಕೋ ಬ್ಯಾಡೋ, ನೀವ ಹೇಳ್ರಿ.”

ಕೊನೆಯದು ಪ್ರಶ್ನೆಯಾಗಿರಲಿಲ್ಲ, ಕುಣಿಕೆಯಾಗಿತ್ತು. ‘ಬೇಡ’ ಎಂದರೆ ಗಂಡನ ಹೆಸರನ್ನೇ ಬೇಡವೆಂದಂತೆ. ಅವರು ಎದ್ದು ಗೂಡಿನಿಂದ ಪೈಪು ತೆಗೆದರು. ಕೊಡುವ ಮುನ್ನ ಹೆಬ್ಬೆರಳನ್ನು ರಬ್ಬರಿನ ತುದಿಯ ಮೇಲೆ ಒಂದಷ್ಟು ಹೊತ್ತು ಇಟ್ಟುಕೊಂಡಿದ್ದರು. ಧೂಳು ಒರೆಸುತ್ತಿದ್ದಾರೆಂದುಕೊಂಡೆ.

“ತಗೋ. ನಿನ್ನ ಮಾತಿಗೆ ಎದುರ ಮಾತಿಲ್ಲ ಅಂತಿದ್ರು ಅವರು. ಖರೇ ಅದ,” ಎಂದರು. ಅದನ್ನು ನಾನು ಶಹಬಾಸ್‌ಗಿರಿ ಎಂದೇ ಎಣಿಸಿಕೊಂಡು ಬಸ್ಸು ಹತ್ತಿದೆ. ಇಬ್ಬರು ಮಾತಾಡಬೇಕಾದ ಕಡೆ ಒಬ್ಬನೇ ಮಾತಾಡಿದ್ದೆನೆಂಬುದು, ಮಾಸ್ತರರು ಇದ್ದಿದ್ದರೆ ಮೊದಲು ಹುಲಿಗೆಮ್ಮನವರ ಪರವಾಗಿ ಹೇಳೆಂದು ನನ್ನನ್ನು ನಿಲ್ಲಿಸುತ್ತಿದ್ದರೆಂಬುದು, ಆ ದಾರಿಯುದ್ದಕ್ಕೂ ಒಂದು ಸಲವಾದರೂ ತಲೆಗೆ ಬರಲಿಲ್ಲ.

ಇನ್ನು ಸಂಗ್ರಹಕಾರರು ಮಾತ್ರ ಮಾಡಬಲ್ಲ ತಪ್ಪಿನ ಕಥೆ. ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಹಳೆಯ ಸಾಮಾನು ಮಾರುವ ಖಾದರ್ ಭಾಯಿ ನನಗೆ ಈ ವಿದ್ಯೆಯ ಗುರು. ನನ್ನನ್ನು ಕಂಡಾಗಲೆಲ್ಲ, “ಸೇದಂಗಿಲ್ಲ, ಮಾರಂಗಿಲ್ಲ, ಏನ್ ಶೌಕ್ ಸರ್ ನಿಮ್ದು? ಕುದುರಿ ಕೊಂಡು ಹೆಗಲ ಮ್ಯಾಲ ಹೊತ್ಕೊಂಡು ತಿರುಗಿದಂಗ ಆತಲ್ರಿ!” ಎಂದು ನಗುತ್ತಿದ್ದರು. ಮಾಸ್ತರರ ಪೈಪನ್ನು ಅವರ ಮುಂದಿಟ್ಟೆ. ಬಟ್ಟಲಿನೊಳಗೆ ವರ್ಷಗಟ್ಟಲೆಯ ಹೊಗೆ ಕರಿಯ ಹೆಕ್ಕಳೆಯಾಗಿ ಕಟ್ಟಿತ್ತು. ರಬ್ಬರು ಬಿಸಿಲಿಗೂ ಎಂಜಲಿಗೂ ಬಣ್ಣಗೆಟ್ಟು ಪಾಚಿಯಂತಾಗಿತ್ತು. ಅದರ ಎಡಬದಿಗೆ, ಮೇಲೊಂದು ಕೆಳಗೊಂದು, ಆಳವಾದ ತೆಗ್ಗು.

“ಇದೇನು ದೊಡ್ಡ ಮಾತಲ್ಲ,” ಎಂದರು ಖಾದರ್ ಭಾಯಿ. “ಕರಿ ಕೆರದು ತೆಗೀರಿ, ಸ್ಪಿರಿಟ್ ಹಚ್ಚಿ ಒರಸ್ರಿ. ತೆಗ್ಗಿಗೆ ಮೋಂಬತ್ತಿ ಝಳ ತೋರಸ್ರಿ, ಸುಡಬ್ಯಾಡ್ರಿ ಮತ್ತ. ರಬ್ಬರ್‌ಗೆ ಯಾದ್ ಇರ್ತದ ಸರ್. ಫ್ಯಾಕ್ಟರಿಯಾಗ ಹ್ಯಾಂಗ ಹುಟ್ಟಿತ್ತೋ ಹಂಗ ತಿರುಗಿ ಏಳತದ.”

ಆ ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಪಟ್ಟ ಸುಖವನ್ನು ಬಚ್ಚಿಡಲಾರೆ. ಕರಿ ಪುಡಿಪುಡಿಯಾಗಿ ಕಾಗದದ ಮೇಲೆ ಉದುರಿತು. ಸ್ಪಿರಿಟ್ಟಿನ ಬಟ್ಟೆ ಹಳದಿಯಾಯಿತು, ಕಂದಾಯಿತು, ಕೊನೆಗೆ ಬಿಳಿಯಾಗಿಯೇ ಉಳಿಯಿತು. ಮೋಂಬತ್ತಿಯ ಝಳಕ್ಕೆ ಹಿಡಿದ ರಬ್ಬರಿನಲ್ಲಿ ಆ ಎರಡು ತೆಗ್ಗುಗಳು, ನಿದ್ದೆಯಿಂದೇಳುವವರು ಮೈಮುರಿದಂತೆ, ಮೆಲ್ಲಮೆಲ್ಲನೆ ಮೇಲೆದ್ದು ಮಟ್ಟಸವಾದವು. ಉಳಿದದ್ದನ್ನು ನುಣುಪಾದ ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಸವರಿದೆ. ಸಂಜೆಯ ಬೆಳಕಿಗೆ ಹಿಡಿದರೆ ಅದು ಯಾರೂ ಮುಟ್ಟದ ಪೈಪು. ನಮ್ಮಂಥವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಯಾರೂ ಬಾಳದ ಮನೆಯನ್ನೇ ಒಳ್ಳೆಯ ಮನೆಯೆನ್ನುವ ವಿಚಿತ್ರ ಕುಲ ನಮ್ಮದು.

ಮಾಸ್ತರರ ವರ್ಷದ ದಿನಕ್ಕೆ ಅದನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆಂದು ತೋರಿಸಬೇಕಿತ್ತಲ್ಲ. ಹುಲಿಗೆಮ್ಮನವರು ಅದನ್ನು ಇಸಿದುಕೊಂಡರು. ಹೆಬ್ಬೆರಳು ನೇರವಾಗಿ ರಬ್ಬರಿನ ಎಡಬದಿಗೆ ಹೋಯಿತು. ಅಲ್ಲಿ ತಡವರಿಸಿತು. ಪೈಪನ್ನು ಮಗುಚಿ ಇನ್ನೊಂದು ಮಗ್ಗುಲಲ್ಲಿ ಹುಡುಕಿತು.

“ಇಲ್ಲೊಂದು ತೆಗ್ಗು ಇತ್ತಲ್ಲ ಯಪ್ಪಾ?”

ನಾನು ಹೆಮ್ಮೆಯಿಂದ ವಿವರಿಸಿದೆ: ಮೋಂಬತ್ತಿ, ಝಳ, ರಬ್ಬರಿನ ನೆನಪು. ಅವರು ಪೂರ್ತಿ ಕೇಳಿಸಿಕೊಂಡರು.

“ಅವರದು ಎಡಗಡಿ ಕೋರಿಹಲ್ಲು ಹೊರಗ ಇತ್ತು,” ಎಂದರು ಆಮೇಲೆ. “ಲಗ್ನದಾಗ ನಮ್ಮವ್ವ ನೋಡಿ ನಕ್ಕಿದ್ಲು, ಅಳಿಯ ಬರೇ ಒಂದ ಹಲ್ಲಿನ್ಯಾಗ ಕಬ್ಬು ಸುಲೀತಾನ ಅಂತ. ಅದ ಹಲ್ಲು ಇಲ್ಲಿ ಊರಿತ್ತು.”

ಆ ಮನೆಯಲ್ಲಿ ಮಾಸ್ತರರ ಒಂಟಿ ಫೋಟೋ ಇಲ್ಲ. ಇರುವುದೊಂದು ಶಾಲೆಯ ಗುಂಪು ಚಿತ್ರ, ಅದರಲ್ಲಿ ಹಿಂದಿನ ಸಾಲಿನಲ್ಲಿ ಅವರ ಮುಖ ಜೋಳದ ಕಾಳಿನಷ್ಟಿದೆ. “ಯವ್ವಾ, ನನಗ ಗೊತ್ತಿರಲಿಲ್ಲ…” ಎಂದೆ.

“ನಿನಗ ಹ್ಯಾಂಗ ಗೊತ್ತಾಗಬೇಕು? ಚೊಲೊ ಮಾಡಿದಿ ಬಿಡು. ಹೊಸಾದ ಆಗ್ಯಾದ.”

“ನೀವ ಇಟ್ಕೋರಿ.”

“ನಾ ಯಾಕ ಇಟ್ಕೊಳ್ಳಿ? ಈ ವಯಸ್ಸಿನ್ಯಾಗ ಸೇದೋದು ಕಲೀಲೇನು?” ಎಂದು ನಕ್ಕು, ಅಂಗಡಿಯಲ್ಲಿ ಬೇಡವಾದ ಸರಕನ್ನು ಮರಳಿಸುವಂತೆ ನನ್ನ ಕೈಗಿತ್ತು, ರೊಟ್ಟಿ ಬಡಿಯಲು ಒಳಗೆ ಹೋದರು.

ಸತ್ತವರ ವಸ್ತುವಿನಲ್ಲಿ ಸತ್ತವರಿರುವುದಿಲ್ಲವೆಂಬ ನನ್ನ ಸಿದ್ಧಾಂತಕ್ಕೆ ಈಗಲೂ ಬದ್ಧನಾಗಿದ್ದೇನೆ, ಒಂದು ತಿದ್ದುಪಡಿಯೊಂದಿಗೆ: ನನ್ನಂಥವನು ಕೈಹಾಕಿದ ಮೇಲೆ ಇರುವುದಿಲ್ಲ. ರಬ್ಬರು ತನ್ನ ಹುಟ್ಟನ್ನು ನೆನೆಸಿಕೊಂಡಿತು, ಇಪ್ಪತ್ತು ವರ್ಷ ತನ್ನನ್ನು ಕಚ್ಚಿ ಹಿಡಿದವರನ್ನು ಮರೆತುಬಿಟ್ಟಿತು. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ನಾನು ಅದನ್ನು ಎಡಬದಿಯಲ್ಲಿ ಬಲವಾಗಿ ಕಚ್ಚಿ ನೋಡಿದೆನೆಂದರೆ ನೀವು ನಗಬೇಡಿ. ನನ್ನ ಹಲ್ಲುಗಳು ಸರಿಸಾಲಿನವು. ಎಷ್ಟು ಕಚ್ಚಿದರೂ ಮೂಡಿದ್ದು ನನ್ನದೇ ಸಪ್ಪೆ ಗೀರು. ಬಟ್ಟಲಿಗೆ ಮೂಗು ಹಚ್ಚಿದರೆ ಎಣ್ಣೆಯ ವಾಸನೆ. ಆ ಹೊಗೆಯನ್ನು ಈಗ ಟ್ರಂಕಿನ ಉಳಿದ ಹದಿನೆಂಟರಲ್ಲೂ ಹುಡುಕುತ್ತೇನೆ. ಪ್ರತಿಯೊಂದರ ತುದಿಯಲ್ಲೂ ಬೆರಳಾಡಿಸುತ್ತೇನೆ. ನಾನು ಉಜ್ಜದೆ ಬಿಟ್ಟ ಕೆಲವಲ್ಲಿ ಯಾವುದೋ ಗಾರ್ಡಿನ, ಯಾವುದೋ ಅಮಲ್ದಾರನ ಹಲ್ಲು ತಾಗುತ್ತದೆ. ಅವರಿಗಾಗಿಯೂ ಎಲ್ಲೋ ಒಂದು ಹೆಬ್ಬೆರಳು ಕಾದಿದ್ದಿರಬೇಕು. ಅಂದಿನಿಂದ ಯಾವ ಪೈಪನ್ನೂ ಝಳಕ್ಕೆ ಹಿಡಿದಿಲ್ಲ. ಅದರಿಂದ ಯಾರಿಗೂ ಏನೂ ಮರಳಿ ಬರುವುದಿಲ್ಲವೆಂಬುದು ನನಗೂ ಗೊತ್ತು.

ಸೋತವರು ಸೋಲನ್ನು ನೆನೆಯುತ್ತಾರೆ ಎಂಬುದು ಸುಳ್ಳು, ನೆನೆಯುವವನು ಗೆದ್ದವನು. ನನ್ನ ಹತ್ತಿರ ಅಂದು ನಾಲ್ಕು ವಾದಗಳಿದ್ದವು. ಹುಲಿಗೆಮ್ಮನವರ ಹತ್ತಿರ ಒಂದೇ ಒಂದಿತ್ತು, ಅದು ನನ್ನ ನಾಲ್ಕನ್ನೂ ನೆಲಕ್ಕುರುಳಿಸುವಂಥದು: ಇದರಲ್ಲಿ ಅವರ ಹಲ್ಲಿದೆ, ಇಷ್ಟೇ. ಆ ಎರಡು ಮೂರು ಮಾತುಗಳನ್ನು ಅವರು ಆಡಿದ್ದರೆ ನಾನು ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ. ಆಡಲಿಲ್ಲ. ಯಾಕೆ ಎಂಬುದು ನನ್ನ ತರ್ಕಕ್ಕೆ ಸಿಗದೆ, ಈಚೆಗೆ ಕೇವಲ ಅದೊಂದನ್ನೇ ಕೇಳಲು ದೇವದುರ್ಗಕ್ಕೆ ಹೋದೆ. ಅವರು ಅಂಗಳದ ನೆರಳಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ಕೂತೆ. ಚಹಾ ಕುಡಿಯುವಷ್ಟು ಹೊತ್ತು ಮಳೆ, ಬೆಳೆ, ಬಸ್ಸಿನ ಸುದ್ದಿಯಾಡಿ, ಆಮೇಲೆ ಕೇಳಿಯೇ ಬಿಟ್ಟೆ. ಮೊರ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು, ಕಲ್ಲು ಒಂದು ಕಡೆ, ಕಾಳು ಒಂದು ಕಡೆ. ನಾನು ಇನ್ನೊಮ್ಮೆ, ಈ ಸಲ ಮೆಲ್ಲಗೆ ಕೇಳಿದೆ:

“ಯವ್ವಾ, ಅವತ್ತ ನಾ ಹಂಗ ಮಾತಾಡಾಕತ್ತಿದ್ದಾಗ, ಆ ಹಲ್ಲಿನ ಮಾತು ನೀವು ಯಾಕ ತೆಗೀಲಿಲ್ಲರಿ?”