ಅಮ್ಮನ ಅರ್ಧ ಬೆಲೆ

ನಮ್ಮಮ್ಮ ಏನೇ ಕೊಂಡರೂ ಬೀದಿಯವರಿಗೆ ಅರ್ಧ ಬೆಲೆಯನ್ನೇ ಹೇಳುತ್ತಾಳೆ. ಸೀರೆಯಾಗಲಿ ಕುಕ್ಕರ್ ಆಗಲಿ, ಚೌಕಾಸಿಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ತೋರಿಸಿಕೊಳ್ಳುವ ಚಟ. ಶೆಟ್ಟಿಹಳ್ಳಿಯ ನಮ್ಮ ಬೀದಿಯ ಹೆಂಗಸರಿಗೆ ಇದು ಗೊತ್ತು. ಕೇಳಿದ್ದನ್ನು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಳ್ಳುತ್ತಾರೆ.

ಸೊಂಟನೋವಿಗೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಾಗ ಮಾತ್ರ ಇದೇ ಅಮ್ಮ ತುಟಿ ಬಿಚ್ಚದೆ ಕೌಂಟರಿನಲ್ಲಿ ಹೇಳಿದಷ್ಟು ಕೊಟ್ಟಳು. ಎಂಟು ಸಾವಿರ. ನಾನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಬೆಲೆ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದುಕೊಳ್ಳುವ ಜನ ನಾವು.

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಆಂಟಿ ಎಷ್ಟಾಯಿತೆಂದು ಕೇಳಿದರು. ಅಮ್ಮ ಅಭ್ಯಾಸಬಲದಿಂದ ನಾಲ್ಕು ಸಾವಿರ ಎಂದಳು. ಆಂಟಿಯ ಮುಖ ಅರಳಿತು. ಅವರ ಯಜಮಾನರಿಗೆ ತಿಂಗಳುಗಳಿಂದ ತಲೆನೋವು, ಈಚೆಗೆ ಕಣ್ಣೂ ಮಂಜು. ಖರ್ಚಿಗೆ ಹೆದರಿ ಸ್ಕ್ಯಾನ್ ಬೇಡವೆಂದು ಕೂತಿದ್ದರಂತೆ. ನಾಲ್ಕು ಸಾವಿರವಾದರೆ ನಾಳೆಯೇ ಕರೆದುಕೊಂಡು ಹೋಗುತ್ತೇನೆಂದು ಆಂಟಿ ಹೊರಟರು.

ನನಗೆ ರೇಗಿಹೋಯಿತು. ಕೌಂಟರಿನಲ್ಲಿ ಎಂಟು ಎಂದು ಕೇಳಿದರೆ ಆ ಮನುಷ್ಯ ವಾಪಸ್ಸು ಬರುವುದು ಖಂಡಿತ, ಇನ್ನೊಮ್ಮೆ ಆ ಕಡೆ ತಲೆ ಹಾಕುವುದಿಲ್ಲ. ಅಮ್ಮ ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

"ನಾನ್ ಸುಳ್ಳು ಹೇಳ್ಬಿಟ್ಟೆ ಕಣಮ್ಮಾ. ಕೊಟ್ಟಿದ್ದು ಎಂಟು ಸಾವ್ರ," ಎಂದಳು. ಅಮ್ಮ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

ಆಂಟಿ ಕೋಪಿಸಿಕೊಳ್ಳಲಿಲ್ಲ. ಅವರು ಕೇಳಿದ್ದು ಇಷ್ಟೇ: "ಬೇರೆ ಕಡೆ ಎಷ್ಟಂತೆ ಅಕ್ಕಾ? ಕೇಳಿದ್ರಾ?"

ಟೊಮೆಟೊಗೆ ಮೂರು ಗಾಡಿ ಸುತ್ತುವ ಅಮ್ಮ ನನ್ನ ಮುಖ ನೋಡಿದಳು. ಅಲ್ಲೇ ಕೂತು ಬೇರೆ ಬೇರೆ ಸ್ಕ್ಯಾನ್ ಸೆಂಟರುಗಳಿಗೆ ಫೋನ್ ಹಚ್ಚಿದೆವು. ಪೇಷೆಂಟನ್ನು ಕರೆದುಕೊಂಡು ಬನ್ನಿ, ಆಮೇಲೆ ಹೇಳುತ್ತೇವೆ ಎಂದವರೇ ಹೆಚ್ಚು. ಹಾಗಾದರೆ ಮುಖ ನೋಡಿ ಬೆಲೆ ಕಟ್ಟುತ್ತೀರಾ ಎಂದು ನಾನು ಒಬ್ಬರ ಮೇಲೆ ಕೂಗಾಡಿಯೂ ಬಿಟ್ಟೆ. ಕೊನೆಗೆ ಗೊರಗುಂಟೆಪಾಳ್ಯದ ಕಡೆಯ ಒಂದು ಸೆಂಟರಿನವರು ಸಲೀಸಾಗಿ ಹೇಳಿದರು: ರಿಪೋರ್ಟ್ ಸೇರಿ ನಾಲ್ಕೂವರೆ ಸಾವಿರ.

ಮರುದಿನ ಅಷ್ಟೇ ತೆಗೆದುಕೊಂಡರು. ಯಜಮಾನರಿಗೆ ಇದ್ದದ್ದು ಮಾತ್ರೆಯಲ್ಲಿ ವಾಸಿಯಾಗುವಂಥದ್ದು, ಸದ್ಯ. ಈಗ ಸಂಜೆ ಗೇಟಿನ ಬಳಿ ಕೂತು ಪೇಪರ್ ಓದುತ್ತಾರೆ. ಅವರನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಬೀದಿಯಲ್ಲಿ ಯಾರಿಗೇ ಸ್ಕ್ಯಾನ್ ಬರೆದುಕೊಟ್ಟರೂ ಮೊದಲು ನಮ್ಮ ಮನೆಗೆ ಬರುತ್ತಾರೆ. ತಾನು ಎಂಟು ಸಾವಿರ ಕೊಟ್ಟು ಬೇಸ್ತುಬಿದ್ದ ಕಥೆಯನ್ನು ಅಮ್ಮ ಒಂದು ರೂಪಾಯಿಯೂ ಕಡಿಮೆ ಮಾಡದೆ ಹೇಳುತ್ತಾಳೆ. ಸೀರೆಯ ಬೆಲೆ ಮಾತ್ರ ಇವತ್ತಿಗೂ ಅರ್ಧವೇ.