ಬೂದಿಯ ಮೇಲಿನ ಗೊರಸು

ಹಳೆಯ ಪರಿಸರ ವರದಿಯ ಒಂದು ಸಾಲು ನನಗೆ ಬಾಯಿಪಾಠವಾಗಿತ್ತು: ‘ಸ್ಥಳದಲ್ಲಿ ನಾಯಿ, ಬೆಕ್ಕುಗಳ ಹೊರತು ಬೇರೆ ಪ್ರಾಣಿಗಳಿಲ್ಲ.’

ಕೊಪ್ಪಳದ ಹೊರವಲಯದಲ್ಲಿ, ಕುಷ್ಟಗಿ ರಸ್ತೆಯ ಬದಿಗೆ, ಬಿಸಿನೆಸ್ ಪಾರ್ಕ್ ಒಂದು ಬರುವುದಿತ್ತು. ಕೆಲಸ ಕೆಲವು ವರ್ಷ ನಿಂತುಹೋಗಿದ್ದರಿಂದ ವರದಿಯನ್ನು ಮತ್ತೆ ಪರಿಶೀಲಿಸಿ ತಿದ್ದುವ ಹೊಣೆ ನನಗೆ ಬಂತು. ನಾನು ಒಬ್ಬಳೇ ನಿಭಾಯಿಸಿದ ಮೊದಲ ಕೆಲಸ ಅದು.

ಮುನಿರಾಬಾದಿನ ಮನೆಯಿಂದ ಮೊದಲ ಬಸ್ಸು ಹಿಡಿದು ಹೋದೆ. ಬೀಳುಬಿದ್ದ ನೆಲ, ಪಕ್ಕದಲ್ಲಿ ಕಡಲೆ ಹೊಲ. ನಿಯಮದಂತೆ ಹೊಳೆಯುವ ಕಿತ್ತಳೆ ಜಾಕೆಟ್ ಹಾಕಿಕೊಂಡಿದ್ದೆ. ಹೊಲದಾಕೆ ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಏನ್ ಹುಡುಕಾಕತ್ತೀ ತಂಗಿ?”

“ಇಲ್ಲಿ ಏನೇನ್ ಪ್ರಾಣಿ ಅದಾವ ಅಂತ ನೋಡಾಕತ್ತೀನ್ರಿ.”

“ಬಣವಿಗೆ ಬೆಂಕಿ ಹತ್ತಿದಂಗ ಕಾಣಾಕತ್ತೀ. ಚಿಗರಿ ನಿನ್ನ ನೋಡಿ ಎತ್ಲಾಗ ಓಡ್ಯಾವೋ!”

ಚಿಗರಿ, ಅಂದರೆ ಕೃಷ್ಣಮೃಗ! ಹಳೆಯ ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. ದಿನವೂ ನಸುಕಿನಲ್ಲಿ ಒಂದು ಹಿಂಡು ಈ ಬೀಳುನೆಲ ದಾಟಿ ಹಳ್ಳಕ್ಕೆ ನೀರಿಗೆ ಹೋಗುತ್ತದೆ ಎಂದಳು. ನಕ್ಷೆ ತೋರಿಸಿದೆ. ಸುತ್ತಲೂ ಒಂದೇ ಕಾಂಪೌಂಡ್ ಗೋಡೆ. ಅವಳು ಬೆರಳಿಟ್ಟು ಗೋಡೆಯ ಗೆರೆಯನ್ನು ಪೂರ್ತಿ ಸುತ್ತಿದಳು.

“ಇದನ್ನ ಕಟ್ಟಿದ್ರ ಅವು ಎಲ್ಲಿ ಹಾಯಬೇಕು? ನನ್ನ ಕಡ್ಲಿ ಮ್ಯಾಲೇ. ಈಗ ಅಂಚಿನಾಗ ಒಂದೀಟು ತಿಂದು ಹೋಗ್ತಾವ. ಆಮ್ಯಾಲೆ ಇಡೀ ಹೊಲ ತುಳೀತಾವ.”

ಬರೆಯಲು ನನಗೆ ಪುರಾವೆ ಬೇಕಿತ್ತು. ಜಾಕೆಟ್ಟನ್ನು ಚೀಲದಲ್ಲಿಟ್ಟು ಎರಡು ಬೆಳಗು ಕಾದೆ. ಏನೂ ಕಾಣಲಿಲ್ಲ.

“ಚಿಗರಿ ನಿನ್ನ ಬಸ್ಸಿನ ಟೈಮಿಗೆ ಬರ್ತಾವೇನು?” ಅವಳು ನಕ್ಕಳು. “ನಾಳಿ ಬಾ. ನಾ ಅವುಗಳ ಸಹಿ ಹಾಕ್ಸಿಡ್ತೀನಿ.”

ಮರುದಿನ ನೋಡಿದರೆ, ಬೀಳುನೆಲಕ್ಕೆ ಅಡ್ಡಲಾಗಿ ಒಲೆಯ ಬೂದಿಯನ್ನು ಜರಡಿ ಹಿಡಿದು ಪಟ್ಟಿಯಂತೆ ಹರಡಿದ್ದಳು. ಹೊಲಕ್ಕೆ ಏನು ನುಗ್ಗಿತೆಂದು ತಿಳಿಯಲು ಅವಳ ಮನೆಯಲ್ಲಿ ಹಿಂದಿನಿಂದಲೂ ಹೀಗೇ ಮಾಡುತ್ತಿದ್ದರಂತೆ. ಬೂದಿಯ ತುಂಬ ಚೂಪು ತುದಿಯ ಸೀಳುಗೊರಸುಗಳು.

“ಆಡಿನವು ಇರಬಹುದಲ್ರಿ?”

“ನನ್ನ ಆಡು ಮನ್ಯಾಗ ಕಟ್ಟೈತಿ. ಬೇಕಾದ್ರ ಹೋಗಿ ಕೇಳು.”

ಅಳತೆಪಟ್ಟಿ ಇಟ್ಟು ಫೋಟೊ ತೆಗೆದೆ. ಒಂದು ವಾರ ಅವಳು ಬೂದಿ ಹರಡಿದಳು, ನಾನು ಅಳೆದೆ. ಗುರುತುಗಳು ಪ್ರತಿದಿನವೂ ಅದೇ ಹತ್ತು ಹೆಜ್ಜೆ ಅಗಲದಲ್ಲೇ ಇದ್ದವು. ಅರಣ್ಯ ಸಿಬ್ಬಂದಿಯೊಬ್ಬರು ಬಂದು ನೋಡಿ, ಚಿಗರಿಯವೇ ಎಂದು ಬರೆದುಕೊಟ್ಟರು.

ಸಭೆಗಳಲ್ಲಿ ನಾನು ಹೆಚ್ಚು ಮಾತನಾಡುವವಳಲ್ಲ. ಆ ಹತ್ತು ಹೆಜ್ಜೆ ಅಗಲದ ದಾರಿಗೆ ಗೋಡೆ ಅಡ್ಡ ಬರಬಾರದು ಎಂದು ವರದಿಯಲ್ಲೇ ಬರೆದಿದ್ದೆ. “ಬೂದಿ ನಂಬಿ ಗೋಡಿ ಒಡೀಬೇಕೇನ್ರಿ ಮೇಡಂ?” ಎಂದು ಯೋಜನೆಯ ಎಂಜಿನಿಯರ್ ಕೇಳಿದರು.

“ಇನ್ನೂ ಕಟ್ಟಿಲ್ಲಲ್ರಿ,” ಎಂದೆ. ಏಳು ದಿನದ ಫೋಟೊಗಳನ್ನು ಸಾಲಾಗಿ ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೇ ಎತ್ತಿ ನೋಡಿದರು. ಆಮೇಲೆ ನಕ್ಷೆಯಲ್ಲಿ ಗೋಡೆಯ ಗೆರೆಯನ್ನು ಎರಡು ಕಡೆ ಅಳಿಸಿ, ಪೆನ್ಸಿಲ್ ತೆಗೆದುಕೊಂಡು ಆ ಎರಡು ತೆರಪುಗಳ ನಡುವೆ ಜೋಡಿ ಗೆರೆ ಎಳೆದರು. ನಡುವೆ ಒಂದು ಓಣಿ ಉಳಿಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಿದ್ದೆ.

ಮುಂದಿನ ಕಡಲೆಯ ಹೊತ್ತಿಗೆ ಗೋಡೆ ಎದ್ದಿತ್ತು. ಈ ಸಲ ಬಸ್ಸು ನಂಬದೆ ಹಿಂದಿನ ದಿನವೇ ಅವಳ ಮನೆಗೆ ಹೋಗಿ ಉಳಿದೆ. ನಸುಕಿನಲ್ಲಿ ಅವಳ ಕಂಬಳಿ ಹೊದ್ದು ಇಬ್ಬರೂ ಬದುವಿನ ಹಿಂದೆ ಕೂತೆವು. ಅವು ಬಂದವು. ಕಪ್ಪು ಗಂಡು ಮುಂದೆ, ಹಿಂದೆ ಕಂದು ಹೆಣ್ಣುಗಳು. ಓಣಿಯ ಬಾಯಲ್ಲಿ ಒಂದು ಕ್ಷಣ ನಿಂತು, ಗೋಡೆಗಳ ನಡುವೆ ನೆಗೆಯುತ್ತ ಹಳ್ಳದ ಕಡೆ ಹೋದವು.

“ಎಣಸು, ಎಣಸು,” ಎಂದು ಅವಳು ತಿವಿದಳು. ನಾನು ಎಣಿಸುವುದನ್ನೇ ಮರೆತಿದ್ದೆ.

ಒಂದು ಮರಿ ಮಾತ್ರ ಹಿಂದೆ ಉಳಿದು ಕಡಲೆಗೆ ಬಾಯಿ ಹಾಕಿತು.

“ಏ, ಹಾದಿ ಬಿಡಿಸಿ ಕೊಟ್ರೂ ತಿಂತೀಯಲ್ಲೋ!” ಎಂದು ಅವಳು ಮಣ್ಣಿನ ಹೆಂಟೆ ಎಸೆದಳು. ಅದು ಮರಿಯಿಂದ ಬಲು ದೂರ ಬಿತ್ತು.